ಬಳ್ಳಿ ಗುಲಾಬಿ: ವಂಶ, ಪರಿಮಳ, ಆರೈಕೆ

ಬಳ್ಳಿ ಗುಲಾಬಿ: ರೋಸೇಸೀ ಕುಟುಂಬದ ರೋಸಾ ಜಾತಿಗೆ ಸೇರಿದ, ಉದ್ದನೆಯ ಕೊಂಬೆಗಳನ್ನು ಚಾಚಿ ಗೋಡೆ, ಕಮಾನು, ಹಂದರ ಅಥವಾ ಮರದ ಆಸರೆಯಲ್ಲಿ ಬೆಳೆಯುವ ಗುಲಾಬಿಗಳ ಸಮೂಹ. ಗುಲಾಬಿಯ ಸುಮಾರು 150 ಕಾಡು ಪ್ರಭೇದಗಳಲ್ಲಿ ಕೆಲವು ಹುಟ್ಟಿನಿಂದಲೇ ಹೀಗೆ ಬೆಳೆಯುತ್ತವೆ. ಉಳಿದ ಬಳ್ಳಿ ಗುಲಾಬಿಗಳು ಮನುಷ್ಯರು ಎರಡು ಶತಮಾನಗಳಲ್ಲಿ ಅವುಗಳಿಂದ ಪಡೆದ ತಳಿಗಳು. ಎತ್ತರ ಎಂಟು ಅಡಿಯಿಂದ ಮೂವತ್ತು ಅಡಿಯವರೆಗೂ, ಕಾಡಿನಲ್ಲಿ ಅದಕ್ಕೂ ಮೇಲೆ, ಹೋಗುತ್ತದೆ. ಪರಿಮಳವಿಲ್ಲದ ಬಳ್ಳಿ ಗುಲಾಬಿಗಳೂ ಬಹಳ ಇವೆ. ಈ ಲೇಖನ ಪರಿಮಳವುಳ್ಳವನ್ನು, ಅದರಲ್ಲೂ ದಕ್ಷಿಣ ಭಾರತದ ಒಳನಾಡಿಗೆ ಹೊಂದುವ ಟೀ ಮತ್ತು ನುವಾಜೆಟ್ ವಂಶದವನ್ನು ಮುಖ್ಯವಾಗಿ ಕುರಿತದ್ದು. ಗುಲಾಬಿ ಸಾಕುವ ಪುಸ್ತಕಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡುಗಳಲ್ಲಿ ಬರೆದವು. ಅಲ್ಲಿನ ಪಂಚಾಂಗವನ್ನು ಇಲ್ಲಿ ಹಾಗೆಯೇ ಅನುಸರಿಸಿದ್ದರಿಂದ ನಮ್ಮಲ್ಲಿ ಹಲವು ಒಳ್ಳೆಯ ಗಿಡಗಳು ಹೂ ಬಿಡದೆ ಹೋಗಿವೆ. ಟೀ ಮತ್ತು ನುವಾಜೆಟ್ ಗುಲಾಬಿಗಳ ಮೂಲ ಬೆಚ್ಚನೆಯ ಏಷ್ಯಾದಲ್ಲಿದೆ. ಆರೈಕೆಯೂ ಆ ಮೂಲವನ್ನು ನೋಡಿಯೇ ನಡೆಯಬೇಕು.

ಏರುವ ಬಗೆ

ಏರುವ ಸಸ್ಯಗಳಿಗೆ ಸಾಮಾನ್ಯವಾಗಿರುವ ಸಾಧನಗಳಾವುವೂ ಗುಲಾಬಿಗಿಲ್ಲ. ಹಾಗಲದಂತೆ ಸುರುಳಿ ಕುಡಿಯಿಂದ ಹಿಡಿದುಕೊಳ್ಳುವುದಿಲ್ಲ, ಕಾಳುಮೆಣಸಿನಂತೆ ಗೆಣ್ಣಿನ ಬೇರುಗಳಿಂದ ಅಪ್ಪುವುದಿಲ್ಲ, ಅವರೆಯಂತೆ ಕಾಂಡವೇ ಸುತ್ತಿಕೊಳ್ಳುವುದಿಲ್ಲ. ಕಾಡಿನಲ್ಲಿ ಅದು ಪಕ್ಕದ ಪೊದೆಯ ಮೇಲೆ ಉದ್ದನೆಯ ಕೊಂಬೆಯನ್ನು ಎಸೆದು, ಕೆಳಮುಖವಾಗಿ ಬಾಗಿದ ಮುಳ್ಳುಗಳಿಂದ ಸಿಕ್ಕಿಕೊಂಡು ಮುಂದೆ ಹೋಗುತ್ತದೆ. ಈ ಮುಳ್ಳು ನಿಂಬೆ ಗಿಡದ ಮುಳ್ಳಿನಂತೆ ಮಾರ್ಪಟ್ಟ ರೆಂಬೆಯಲ್ಲ, ತೊಗಟೆಯ ಹೊರಪದರದಿಂದ ಎದ್ದದ್ದು. ಆದ್ದರಿಂದಲೇ ಪಕ್ಕಕ್ಕೆ ಒತ್ತಿದರೆ ಸಲೀಸಾಗಿ ಕಳಚುತ್ತದೆ. ತೋಟದ ಗೋಡೆಯಲ್ಲಿ ಸಿಕ್ಕಿಕೊಳ್ಳಲು ಏನೂ ಇರದ ಕಾರಣ ಕಟ್ಟುವ ಕೆಲಸ ಸಾಕುವವರದೇ.

ಏರುವ ಗುಲಾಬಿಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ರ‍್ಯಾಂಬ್ಲರ್ ಎಂದು ಕರೆಯುವವು ಬಳುಕುವ ಕೊಂಬೆಗಳಲ್ಲಿ ಸಣ್ಣ ಹೂಗಳ ದೊಡ್ಡ ಗೊಂಚಲನ್ನು ವರ್ಷಕ್ಕೊಮ್ಮೆ, ಕಳೆದ ವರ್ಷದ ಕೊಂಬೆಯ ಮೇಲೆ ಬಿಡುತ್ತವೆ. ಕ್ಲೈಂಬರ್‌ಗಳ ಕೊಂಬೆ ಗಡುಸು, ಹೂ ದೊಡ್ಡದು, ಮತ್ತೆ ಮತ್ತೆ ಬಿಡುವ ಗುಣವೂ ಬಹುಪಾಲು ಇರುತ್ತದೆ. ಇವಲ್ಲದೆ ಪೊದೆ ಗುಲಾಬಿಯೊಂದು ಇದ್ದಕ್ಕಿದ್ದಂತೆ ಉದ್ದನೆಯ ಕೊಂಬೆ ಎಸೆದು ಏರುಗುಲಾಬಿಯಾಗುವುದೂ ಉಂಟು. 1919ರ ಕಡುಗೆಂಪು ‘ಎತ್ವಾಲ್ ದ ಹೊಲಾಂಡ್’ ಎಂಬ ಪೊದೆ ಗುಲಾಬಿಯಿಂದ 1931ರಲ್ಲಿ ಬಂದ ಏರುರೂಪ ಇಂಥದ್ದು. ತಾಯಿ ಗಿಡಕ್ಕಿಂತ ಈ ಮಗಳೇ ಈಗ ಹೆಚ್ಚು ತೋಟಗಳಲ್ಲಿದೆ. ಹೆಸರಿನ ಹಿಂದೆ ‘ಕ್ಲೈಂಬಿಂಗ್’ ಎಂದು ಸೇರಿಸಿದ ತಳಿಗಳೆಲ್ಲ ಹೀಗೆ ಹುಟ್ಟಿದವು. ನೆಟ್ಟ ಹೊಸತರಲ್ಲಿ ಬಲವಾಗಿ ಸವರಿದರೆ ಅವು ಮತ್ತೆ ಪೊದೆಯಾಗಿ ಹೋಗುವ ಅಪಾಯವಿದೆ.

ಹೆಚ್ಚು ಏರುವ ಗುಲಾಬಿ ಹೆಚ್ಚು ಸಲ ಹೂ ಬಿಡದಿರುವುದಕ್ಕೆ ಕಾರಣ ಈಗ ತಿಳಿದಿದೆ. ಹೂ ಬಿಡುವುದನ್ನು ತಡೆದು ಕೊಂಬೆ ಬೆಳೆಸುವ ‘ಕೆಎಸ್‌ಎನ್’ ಎಂಬ ವಂಶವಾಹಿ ಕಾಡು ಗುಲಾಬಿಯಲ್ಲಿ ಒಂದೇ ಋತುವನ್ನು ಬಿಟ್ಟು ವರ್ಷವೆಲ್ಲ ಚುರುಕಾಗಿರುತ್ತದೆ. ಚೀನಾದ ತೋಟದ ಗುಲಾಬಿಗಳಲ್ಲಿ ಈ ವಂಶವಾಹಿಯ ನಡುವೆ ಒಂದು ಅನ್ಯ ತುಣುಕು ಸೇರಿಕೊಂಡು ಅದು ಕೆಲಸ ನಿಲ್ಲಿಸಿತು. ಗಿಡ ಗಿಡ್ಡವಾಯಿತು, ಚಿಗುರಿದ ರೆಂಬೆಗಳೆಲ್ಲ ಹೂವಿನಲ್ಲಿ ಮುಗಿಯತೊಡಗಿದವು. ಆ ತುಣುಕು ಬಹುಮಟ್ಟಿಗೆ ಕಳಚಿಕೊಂಡಾಗ ಗಿಡ ಮತ್ತೆ ಏರುತ್ತದೆ, ಹೂ ಬಿಡುವ ಸರದಿ ಕಡಿಮೆಯಾಗುತ್ತದೆ. ಏರಬೇಕು, ಪದೇ ಪದೇ ಹೂ ಬಿಡಬೇಕು, ಪರಿಮಳವೂ ಇರಬೇಕು ಎಂಬ ಮೂರು ಬಯಕೆಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ಎಷ್ಟು ಕಷ್ಟದ ಕೆಲಸವೆಂಬುದು ಇದರಿಂದ ಗೊತ್ತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ತೋಟಗಾರರು ವಂಶವಾಹಿಯ ಸುಳಿವೇ ಇಲ್ಲದೆ, ಬೀಜ ಬಿತ್ತಿ, ಕಾದು, ಆರಿಸಿ ಅದನ್ನು ಸಾಧಿಸಿದ್ದು ನಿಜಕ್ಕೂ ದೊಡ್ಡದು.

ವಂಶ

ಯುರೋಪಿನ ಹಳೆಯ ಗುಲಾಬಿಗಳಿಗೆ ಗಾಢವಾದ ಪರಿಮಳವಿತ್ತು, ಆದರೆ ಹೆಚ್ಚಿನವು ವರ್ಷಕ್ಕೊಮ್ಮೆ ಹೂ ಬಿಟ್ಟು ಸುಮ್ಮನಾಗುತ್ತಿದ್ದವು. ವರ್ಷವಿಡೀ ಹೂ ಬಿಡುವ ಗುಣ ಅಲ್ಲಿಗೆ ಹೋದದ್ದು ಚೀನಾದಿಂದ. 1792ರಿಂದ 1824ರ ನಡುವೆ ನಾಲ್ಕು ಚೀನೀ ತೋಟದ ಗುಲಾಬಿಗಳು ಇಂಗ್ಲೆಂಡ್ ಸೇರಿದವು. ಅವುಗಳಲ್ಲಿ 1793ರದ್ದು ನಸುಗೆಂಪಿನ ‘ಓಲ್ಡ್ ಬ್ಲಶ್’. 1809 ಮತ್ತು 1824ರಲ್ಲಿ ಬಂದ ಎರಡು ಟೀ ಗುಲಾಬಿಗಳ ಪೈಕಿ ಎರಡನೆಯದು ಹಳದಿ. ಪೂರ್ವದ ಕಡಲ ವ್ಯಾಪಾರದ ಹಡಗುಗಳಲ್ಲಿ, ಹಲವು ಸಲ ಕಲ್ಕತ್ತಾದ ಮೂಲಕ ಹೋದ ಕಾರಣ ಫ್ರೆಂಚರು ಚೀನೀ ಗುಲಾಬಿಗಳನ್ನು ಬಹುಕಾಲ ಬಂಗಾಳದ ಗುಲಾಬಿಗಳೆಂದೇ ಕರೆದರು. ‘ಓಲ್ಡ್ ಬ್ಲಶ್’ನ ಸಂಪೂರ್ಣ ಜೀನೋಮನ್ನು 2018ರಲ್ಲಿ ಪ್ರಕಟಿಸಲಾಯಿತು. ಇಂದಿನ ತೋಟದ ಗುಲಾಬಿಗಳಲ್ಲಿ ಬಹುಪಾಲಿಗೆ ಇದು ಅಜ್ಜಿ.

ಟೀ ಗುಲಾಬಿಗಳ ಹಿಂದೆ ನಮ್ಮ ಈಶಾನ್ಯ ಗಡಿಯ ದೈತ್ಯನೊಬ್ಬನಿದ್ದಾನೆ: ರೋಸಾ ಜೈಗ್ಯಾಂಟಿಯಾ. ಮಣಿಪುರ, ಮಯನ್ಮಾರ್, ಚೀನಾದ ಯುನ್ನಾನ್ ಸೀಮೆಗಳ ಬೆಟ್ಟಗಾಡಿನಲ್ಲಿ ಮರಗಳ ನೆತ್ತಿಯವರೆಗೆ ಏರಿ, ಅಂಗೈ ಅಗಲದ ಕೆನೆಬಿಳಿ ಹೂಗಳನ್ನು ಬಿಡುವ ಕಾಡು ಗುಲಾಬಿ ಇದು. ಕಾಡು ಗುಲಾಬಿಗಳಲ್ಲಿ ಇಷ್ಟು ದೊಡ್ಡ ಹೂ ಬೇರೆಯದಕ್ಕಿಲ್ಲ. ಸರ್ ಜಾರ್ಜ್ ವಾಟ್ 1882ರಲ್ಲಿ ಮಣಿಪುರದಲ್ಲಿ ಇದನ್ನು ಸಂಗ್ರಹಿಸಿದರು, ಸರ್ ಹೆನ್ರಿ ಕಾಲೆಟ್ 1888ರಲ್ಲಿ ಬರ್ಮಾದ ಶಾನ್ ಬೆಟ್ಟಗಳಲ್ಲಿ ಕಂಡರು. ಚೀನೀ ತೋಟಗಾರರು ಅದಕ್ಕೂ ಶತಮಾನಗಳ ಹಿಂದೆಯೇ ಇದರ ರಕ್ತವನ್ನು ತಮ್ಮ ಗುಲಾಬಿಗಳಿಗೆ ಸೇರಿಸಿಕೊಂಡಿದ್ದರು. ಟೀ ಗುಲಾಬಿಯ ಉದ್ದನೆಯ ಮೊಗ್ಗು, ನುಣುಪು ಎಲೆ, ಬಿಸಿಲನ್ನು ತಾಳುವ ಶಕ್ತಿ ಇದರ ಕಡೆಯಿಂದ ಬಂದವು. ಹಿಮಕ್ಕೆ ಹೆದರುವ ಗುಣವೂ ಅಲ್ಲಿಂದಲೇ.

ಎರಡನೆಯ ಧಾರೆ ಕಸ್ತೂರಿ ಗುಲಾಬಿಯದು. ರೋಸಾ ಮೊಸ್ಕಾಟಾ ಎಂಬ ಈ ಬಿಳಿಯ ಹೂವಿನ ಹತ್ತಿರದ ಸಂಬಂಧಿ ರೋಸಾ ಬ್ರೂನೋನೀ ಕಾಶ್ಮೀರದಿಂದ ಪೂರ್ವಕ್ಕೆ ಹಿಮಾಲಯದ ಉದ್ದಕ್ಕೂ ಮರಗಳನ್ನು ಹತ್ತಿ ಬೆಳೆಯುತ್ತದೆ. ಗಢವಾಲ್ ಸೀಮೆಯ ಜನ ಇದನ್ನು ಕುಂಜಾ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಭತ್ತದ ತೋಟಗಳ ಒಡೆಯ ಜಾನ್ ಚಾಂಪ್ನೀಸ್ ಬಳಿ ಕಸ್ತೂರಿ ಗುಲಾಬಿ ಮತ್ತು ‘ಓಲ್ಡ್ ಬ್ಲಶ್’ ಕೂಡಿ ಹೊಸದೊಂದು ಗಿಡ ಹುಟ್ಟಿತು. ಅದೇ ಊರಿನ ನರ್ಸರಿಯ ಫಿಲಿಪ್ ನುವಾಜೆಟ್ ಅದರ ಬೀಜದಿಂದ ಬೆಳೆಸಿದ್ದನ್ನು ಪ್ಯಾರಿಸಿನಲ್ಲಿದ್ದ ತನ್ನ ಸಹೋದರ ಲೂಯಿಗೆ ಕಳಿಸಿದ. ಏರುವ ಗುಣ, ಗೊಂಚಲು ಹೂ, ಪದೇ ಪದೇ ಬಿಡುವ ಸ್ವಭಾವ ಮೂರೂ ಇದ್ದ ಈ ಗುಂಪಿಗೆ ನುವಾಜೆಟ್ ಎಂದೇ ಹೆಸರಾಯಿತು. ಭತ್ತ ಬೆಳೆಯುವ ಸೆಕೆಯ ಕರಾವಳಿ ಊರಿನಲ್ಲಿ ಹುಟ್ಟಿದ ಗುಲಾಬಿ ಇದು ಎಂಬುದನ್ನು ನಮ್ಮಲ್ಲಿ ಗುಲಾಬಿ ಬೆಳೆಸುವವರು ನೆನಪಿಡಬೇಕು.

ನುವಾಜೆಟ್‌ಗೆ ಟೀ ಗುಲಾಬಿಯನ್ನು ಕೂಡಿಸಿದಾಗ ಫ್ರಾನ್ಸಿನಲ್ಲಿ ನಲವತ್ತೈವತ್ತು ವರ್ಷಗಳ ಸುಗ್ಗಿ ನಡೆಯಿತು. 1830ರಲ್ಲಿ ಆಂಜೆ ಊರಿನಿಂದ ನಿಂಬೆಯ ಕಂಪಿನ ಬಿಳಿಯ ‘ಲಮಾರ್ಕ್’ ಬಂತು. 1853ರಲ್ಲಿ ದಿಜೋನಿನ ಜಾಕೊತೊ ‘ಗ್ಲುವಾರ್ ದ ದಿಜೋನ್’ ಹೊರತಂದರು. ಹಳದಿ, ಏಪ್ರಿಕಾಟ್, ನಸುಗೆಂಪು ಒಂದರೊಳಗೊಂದು ಕರಗಿದ ಬಣ್ಣ ಅದರದು. ಇಂಗ್ಲೆಂಡಿನ ಪಾದ್ರಿ ರೆನಾಲ್ಡ್ಸ್ ಹೋಲ್ 1869ರ ತಮ್ಮ ಗುಲಾಬಿ ಪುಸ್ತಕದಲ್ಲಿ ಅದನ್ನು ಮನಸಾರೆ ಹೊಗಳಿದರು. 1864ರಲ್ಲಿ ಪ್ರಾದೆಲ್ ಹೊರತಂದ ‘ಮಾರೆಶಾಲ್ ನಿಯೆಲ್’ ಮೂರನೆಯ ನೆಪೋಲಿಯನ್ನನ ಸೇನಾನಿಯ ಹೆಸರು ಹೊತ್ತದ್ದು. ಬೆಣ್ಣೆಯಷ್ಟು ಹಳದಿಯಾದ, ಕತ್ತು ಬಾಗಿಸಿ ತೂಗುವ ದೊಡ್ಡ ಹೂ. ಹಿಮದ ನಾಡಿನವರು ಇದನ್ನು ಗಾಜಿನ ಮನೆಯೊಳಗೆ ಕಲ್ಲಿದ್ದಲು ಉರಿಸಿ ಸಾಕಿದರು. 1869ರ ‘ರೆವ್ ದೋರ್’, 1879ರಲ್ಲಿ ಲಿಯೋನಿನ ಶ್ವಾರ್ಟ್ಸ್ ಬೆಳೆಸಿದ ಬಿಳಿಯ ‘ಮದಾಮ್ ಆಲ್ಫ್ರೆ ಕಾರಿಯೇರ್’ ಇದೇ ಪರಂಪರೆಯವು. ವೀಟಾ ಸ್ಯಾಕ್‌ವಿಲ್-ವೆಸ್ಟ್ 1930ರಲ್ಲಿ ಸಿಸ್ಸಿಂಗ್‌ಹರ್ಸ್ಟ್ ಕೋಟೆಮನೆಯನ್ನು ಕೊಂಡಾಗ ಅಲ್ಲಿನ ಸೌತ್ ಕಾಟೇಜಿನ ಗೋಡೆಗೆ ಮೊಟ್ಟಮೊದಲು ನೆಟ್ಟದ್ದು ಈ ಕಾರಿಯೇರ್ ಗಿಡವನ್ನು.

ಇಪ್ಪತ್ತನೆಯ ಶತಮಾನದಲ್ಲಿ ಏರುಗುಲಾಬಿ ತಳಿಗಳ ಕೇಂದ್ರವು ಫ್ರಾನ್ಸಿನಿಂದ ಅಮೆರಿಕಕ್ಕೆ ಸರಿಯಿತು. 1930ರ ‘ನ್ಯೂ ಡಾನ್’ ಎಂಬ ಮುತ್ತುಬಣ್ಣದ ಏರುಗುಲಾಬಿಗೆ 1931ರಲ್ಲಿ ಅಮೆರಿಕದ ಮೊದಲನೆಯ ಸಸ್ಯ ಪೇಟೆಂಟ್ ದೊರೆಯಿತು. ಅದರ ಸಂತತಿಯ ‘ಡಾನ್ ಜುವಾನ್’ 1958ರದು, ಇಟಲಿಯ ಮಾಲಾಂದ್ರೋನೆ ಬೆಳೆಸಿದ್ದು. ಮಖಮಲ್ಲಿನ ಕಡುಗೆಂಪು, ಬಲವಾದ ಕಂಪು ಎರಡೂ ಅದರಲ್ಲಿವೆ.

ಭಾರತದಲ್ಲಿ ಗೋಧಿ ತಳಿ ವಿಜ್ಞಾನಿ, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮೊದಲ ಮಹಾನಿರ್ದೇಶಕ ಬಿ.ಪಿ. ಪಾಲ್ ಗುಲಾಬಿಗಳ ಸಂಕರಕ್ಕೂ ತಮ್ಮ ಬದುಕಿನ ದೊಡ್ಡ ಪಾಲನ್ನು ಕೊಟ್ಟರು. ಅವರ ‘ಡೆಲ್ಲಿ ವೈಟ್ ಪರ್ಲ್’ ಏರುವ ತಳಿ. ಬೆಚ್ಚನೆಯ ನಾಡಿಗೆ ಬೆಚ್ಚನೆಯ ನಾಡಿನ ಕಾಡು ಗುಲಾಬಿಗಳಿಂದಲೇ ತಳಿ ಕಟ್ಟಬೇಕೆಂಬ ಹಟ ಹಿಡಿದವರು ಕೊಡೈಕಾನಲ್ಲಿನ ವೀರು ವೀರರಾಘವನ್. ಆಡಳಿತ ಸೇವೆಯನ್ನು ಅವಧಿಗೆ ಮುನ್ನವೇ ಬಿಟ್ಟು ಬಂದ ಅವರು ಪತ್ನಿ ಗಿರಿಜಾ ಅವರೊಂದಿಗೆ ಮಣಿಪುರದ ಜೈಗ್ಯಾಂಟಿಯಾವನ್ನು ಮತ್ತೆ ಸಂಕರಕ್ಕೆ ತಂದರು. ಜವುಗು ನೆಲದಲ್ಲಿ ಬೆಳೆಯುವ ರೋಸಾ ಕ್ಲೈನೋಫಿಲ್ಲಾವನ್ನೂ ಬಳಸಿದರು. ‘ಸರ್ ಜಾರ್ಜ್ ವಾಟ್’, ‘ಸರ್ ಹೆನ್ರಿ ಕಾಲೆಟ್’ ಎಂದು ಆ ಸಂಗ್ರಾಹಕರ ಹೆಸರಲ್ಲೇ ತಳಿಗಳಿವೆ. ಕೇರಳದ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಹೆಸರಿನ ಹಳದಿ ಗುಲಾಬಿಯೂ ಈ ದಂಪತಿಯದೇ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಶೋಲಾ ಅಂಚಿನಲ್ಲಿ ಬಿಳಿಯ ಹೂವಿನ ರೋಸಾ ಲೆಶೆನಾಲ್ಟಿಯಾನಾ ಎಂಬ ಏರುವ ಕಾಡು ಗುಲಾಬಿ ಇಂದಿಗೂ ಇದೆ. ದಕ್ಷಿಣದ ನೆಲಕ್ಕೆ ಏರುಗುಲಾಬಿ ಪರದೇಶದ ಗಿಡವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರಿಮಳ

ಗುಲಾಬಿಯ ಕಂಪು ಒಂದೇ ಬಗೆಯದಲ್ಲ. ಪನ್ನೀರಿಗೂ ಅತ್ತರಿಗೂ ಬಳಸುವ ಡಮಾಸ್ಕ್ ಗುಲಾಬಿಯ ಕಂಪಿನಲ್ಲಿ ಫಿನೈಲ್ ಎಥನಾಲ್, ಜೆರಾನಿಯೋಲ್, ಸಿಟ್ರೊನೆಲ್ಲೋಲ್ ಮುಖ್ಯ. ಟೀ ಗುಲಾಬಿಗಳಲ್ಲಿ ಡೈಮಿಥಾಕ್ಸಿ ಟಾಲ್ವೀನ್ ಎಂಬ ಬೇರೆಯೇ ವಸ್ತುವಿದೆ, ಅದನ್ನು ತಯಾರಿಸುವ ಒಂದು ಕಿಣ್ವ ಚೀನೀ ಮೂಲದ ಗುಲಾಬಿಗಳಲ್ಲಿ ಮಾತ್ರ ಕಾಣುತ್ತದೆ. ಕಸ್ತೂರಿ ಗುಲಾಬಿಯ ಕಂಪು ದಳಕ್ಕಿಂತ ಕೇಸರಗಳಿಂದ ಹೊರಡುವುದು ಹೆಚ್ಚು. ಮೂಗಿಗೆ ಹಿಡಿದರೆ ಅಷ್ಟಾಗಿ ಗೊತ್ತಾಗದ ಅದು ಹತ್ತಾರು ಅಡಿ ದೂರದವರೆಗೆ ಗಾಳಿಯಲ್ಲಿ ತೇಲಿ ಬರುತ್ತದೆ. ಟೀ ಗುಲಾಬಿ ಹತ್ತಿರ ಹೋದವರಿಗಷ್ಟೇ ಕೊಡುತ್ತದೆ. ಎಲ್ಲಿ ನೆಡಬೇಕೆಂಬುದನ್ನು ಈ ವ್ಯತ್ಯಾಸವೇ ತೀರ್ಮಾನಿಸಬೇಕು. ಕಸ್ತೂರಿ ವಂಶದ್ದು ಕಾಂಪೌಂಡಿನ ಮೂಲೆಯಲ್ಲಿದ್ದರೂ ಜಗಲಿಗೆ ತಲುಪುತ್ತದೆ. ಟೀ ವಂಶದ್ದನ್ನು ಕಿಟಕಿಯ ಪಕ್ಕ, ಮುಖದ ಮಟ್ಟಕ್ಕೆ ಹೂ ಬರುವಂತೆ ಬೆಳೆಸಬೇಕು.

ಅಂಗಡಿಯ ಗುಲಾಬಿಗೆ ಕಂಪು ಯಾಕಿಲ್ಲ ಎಂಬ ಪ್ರಶ್ನೆಗೆ 2015ರಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಸ್ಪಷ್ಟ ಉತ್ತರ ಕೊಟ್ಟರು. ಕಂಪುಳ್ಳ ‘ಪಾಪಾ ಮೆಯಾಂ’ ಮತ್ತು ಕಂಪಿಲ್ಲದ ‘ರೂಜ್ ಮೆಯಾಂ’ ತಳಿಗಳನ್ನು ಹೋಲಿಸಿ, ಜೆರಾನಿಯೋಲ್ ತಯಾರಿಕೆಯಲ್ಲಿ ನಡುವೆ ಕೆಲಸ ಮಾಡುವ ‘ನಡ್‌ಎಕ್ಸ್-1’ ಎಂಬ ಕಿಣ್ವವನ್ನು ಗುರುತಿಸಿದರು. ಸುಗಂಧ ಸಸ್ಯಗಳಲ್ಲಿ ಅಲ್ಲಿಯವರೆಗೆ ತಿಳಿದಿದ್ದ ದಾರಿಯೇ ಬೇರೆ, ಗುಲಾಬಿ ಹಿಡಿದ ದಾರಿಯೇ ಬೇರೆ. ಹೂದಾನಿಯಲ್ಲಿ ಹೆಚ್ಚು ದಿನ ನಿಲ್ಲುವ, ಸಾಗಣೆ ತಾಳುವ ಹೂಗಳನ್ನೇ ಆರಿಸುತ್ತ ಹೋದ ತಳಿಗಾರರ ಕೈಯಲ್ಲಿ ಕಂಪು ಕಳೆದುಹೋಯಿತು. ಮನೆಯ ಗೋಡೆಗೆ ಏರಿಸುವ ಗುಲಾಬಿಗೆ ಆ ಕಟ್ಟುಪಾಡುಗಳಾವುವೂ ಇಲ್ಲ. ಆದ್ದರಿಂದ ಕಂಪಿಲ್ಲದ ಬಳ್ಳಿ ಗುಲಾಬಿಯನ್ನು ಬಣ್ಣಕ್ಕೆ ಮರುಳಾಗಿ ನೆಡಲು ತಕ್ಕ ಕಾರಣ ನನಗಂತೂ ಕಾಣುವುದಿಲ್ಲ.

ಅರ್ಧ ಅರಳಿದ ಹೂವಿನಲ್ಲಿ ಕಂಪು ಹೆಚ್ಚು. ಬಿಸಿಲೇರುವ ಮುನ್ನ, ಗಾಳಿಯಾಡದ, ತುಸು ತೇವವಿರುವ ಹೊತ್ತಿನಲ್ಲಿ ಅದು ಚೆನ್ನಾಗಿ ತಿಳಿಯುತ್ತದೆ. ಕಡುಬೇಸಿಗೆಯ ಒಣಗಾಳಿಯಲ್ಲಿ ಒಳ್ಳೆಯ ತಳಿಯೂ ಮಂಕಾಗುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಮೂಸಿ ನೋಡಿ ಒಂದು ಗಿಡವನ್ನು ತಳ್ಳಿಹಾಕಬಾರದು.

ತಳಿಯ ಆಯ್ಕೆ

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು, ಅದರ ಸುತ್ತಲ ಮೈಸೂರು, ಹಾಸನ, ಕೋಲಾರ ಸೀಮೆಗಳು ಟೀ ಮತ್ತು ನುವಾಜೆಟ್ ಬಳ್ಳಿಗಳಿಗೆ ಹೇಳಿ ಮಾಡಿಸಿದ ಜಾಗ. ಇಲ್ಲಿ ಗುಲಾಬಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದಿಲ್ಲ, ಡಿಸೆಂಬರ್–ಫೆಬ್ರವರಿಯ ತಂಪು ಬೆಳಗುಗಳಲ್ಲಿ ಹೂವಿನ ಬಣ್ಣವೂ ಕಂಪೂ ತುಂಬಿರುತ್ತವೆ. ‘ಲಮಾರ್ಕ್’, ‘ರೆವ್ ದೋರ್’, ‘ಮದಾಮ್ ಆಲ್ಫ್ರೆ ಕಾರಿಯೇರ್’ ಸಿಕ್ಕರೆ ಬಿಡಬಾರದು. ‘ಮಾರೆಶಾಲ್ ನಿಯೆಲ್’ ಸ್ವಲ್ಪ ನಾಜೂಕಿನದು. ಅದರ ಕತ್ತು ಬಾಗುವುದನ್ನು ದೋಷವೆಂದು ಬರೆದವರಿದ್ದಾರೆ, ಆದರೆ ತಲೆಯ ಮೇಲಿನ ಹಂದರಕ್ಕೆ ಏರಿಸಿದರೆ ಹೂಗಳೆಲ್ಲ ಕೆಳಗೆ ಕುಳಿತವರ ಕಡೆಗೇ ಮುಖ ಮಾಡುತ್ತವೆ. ಕೆಂಪು ಬೇಕೆಂದವರಿಗೆ ‘ಡಾನ್ ಜುವಾನ್’. ಅದು ಎಂಟು–ಹತ್ತು ಅಡಿಯಲ್ಲೇ ನಿಲ್ಲುವುದರಿಂದ ತಾರಸಿಯ ದೊಡ್ಡ ಕುಂಡಕ್ಕೂ ಆಗುತ್ತದೆ.

ಮುಳ್ಳಿಲ್ಲದ ಗುಲಾಬಿ ಎಂದು ಹೆಸರಾದ 1868ರ ‘ಜೆಫಿರೀನ್ ದ್ರೂಆಂ’ನ ಕಂಪು ಸೊಗಸಾದದ್ದು. ಮಕ್ಕಳು ಓಡಾಡುವ ದಾರಿಯ ಪಕ್ಕಕ್ಕೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಆದರೆ ಕಪ್ಪು ಚುಕ್ಕೆ ರೋಗಕ್ಕೆ ಬೇಗ ತುತ್ತಾಗುತ್ತದೆ, ಆದ್ದರಿಂದ ಮಲೆನಾಡು ಮತ್ತು ಕರಾವಳಿಯವರು ಇದನ್ನು ಬಿಡುವುದೇ ಮೇಲು. ಆ ಮಳೆಸೀಮೆಗಳಲ್ಲಿ ಎಲೆ ಹೊಳಪಿರುವ, ಗಟ್ಟಿಯಾದ ‘ನ್ಯೂ ಡಾನ್’ ಹೆಚ್ಚು ಬಾಳುತ್ತದೆ, ಅದರ ಕಂಪು ಮಾತ್ರ ಮೆಲುವಾದದ್ದು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಪಶ್ಚಿಮದ ಗೋಡೆ ಕೂಡದು. ಮಧ್ಯಾಹ್ನದ ನಂತರ ನೆರಳು ಬೀಳುವ ಪೂರ್ವದ ಗೋಡೆಯೇ ಸರಿ.

ನರ್ಸರಿಗಳಲ್ಲಿ ಹೆಸರಿಲ್ಲದೆ ‘ಕ್ಲೈಂಬಿಂಗ್ ರೋಸ್’ ಎಂದಷ್ಟೇ ಹೇಳಿ ಮಾರುವುದು ವಾಡಿಕೆ. ಹೂವಿರುವಾಗ ಹೋಗಿ, ಮೂಸಿ, ಆಮೇಲೆ ಕೊಳ್ಳಬೇಕು. ಊಟಿಯಲ್ಲಿ 1995ರಲ್ಲಿ ಆರಂಭವಾದ ಸರ್ಕಾರಿ ಗುಲಾಬಿ ತೋಟದಲ್ಲಿ ಏರುವ ತಳಿಗಳ ವಿಭಾಗವೇ ಇದೆ. ಹಲವು ತಳಿಗಳನ್ನು ಒಂದೆಡೆ ನೋಡಿ ತೀರ್ಮಾನಿಸಲು ಅದು ಒಳ್ಳೆಯ ಜಾಗ.

ನೆಡುವುದು

ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಬುಡ ಗೋಡೆಯಿಂದ ಒಂದೂವರೆ ಅಡಿ ದೂರವಿರಲಿ. ಅಡಿಪಾಯದ ಒತ್ತಿನ ಮಣ್ಣು ಸೂರಿನ ಮರೆಯಲ್ಲಿ ಮಳೆ ಕಾಣದೆ ಒಣಗಿರುತ್ತದೆ, ಅದರಲ್ಲಿ ಗಾರೆಯ ಸುಣ್ಣವೂ ಬೆರೆತಿರುತ್ತದೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಒಂದು ವಾರ ಬಿಸಿಲಿಗೆ ಬಿಡಬೇಕು. ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಮತ್ತು ಮೂಳೆಪುಡಿ ತಲಾ ಎರಡು ಹಿಡಿ ಬೆರೆಸಿ ತುಂಬಬಹುದು. ಬೇವಿನ ಹಿಂಡಿ ಗೆದ್ದಲನ್ನೂ ದೂರವಿಡುತ್ತದೆ. ಎರೆಮಣ್ಣಾದರೆ ನೀರು ಬಸಿಯಲು ಮರಳು ಸೇರಿಸಿ ಪಾತಿಯನ್ನು ನೆಲಕ್ಕಿಂತ ಎತ್ತರಿಸಬೇಕು, ನಿಂತ ನೀರಿನಲ್ಲಿ ಗುಲಾಬಿಯ ಬೇರು ಬದುಕುವುದಿಲ್ಲ. ಜೂನ್–ಜುಲೈ ನೆಡಲು ಒಳ್ಳೆಯ ಕಾಲ, ಮಳೆ ಹೆಚ್ಚಿರುವ ಕಡೆ ಸೆಪ್ಟೆಂಬರ್. ಕಣ್ಣು ಕಸಿ ಮಾಡಿದ ಗಿಡವಾದರೆ ಕಸಿಯ ಗಂಟು ನೆಲದಿಂದ ಒಂದೆರಡು ಇಂಚು ಮೇಲಿರಲಿ. ಗಂಟಿನ ಕೆಳಗಿಂದ ಬರುವ ಚಿಗುರು ಬೇರುಗಿಡದ್ದು, ಅದನ್ನು ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು.

ಆಸರೆಯನ್ನು ಗಿಡಕ್ಕಿಂತ ಮೊದಲೇ ಸಿದ್ಧಮಾಡಬೇಕು. ಗೋಡೆಗೆ ಮೊಳೆ ಹೊಡೆದು ಅಡ್ಡ ತಂತಿಗಳನ್ನು ಒಂದೊಂದೂವರೆ ಅಡಿಗೊಂದರಂತೆ, ಗೋಡೆಯಿಂದ ಎರಡು–ಮೂರು ಇಂಚು ಮುಂದಕ್ಕೆ ಬಿಗಿದರೆ ಹಿಂಬದಿಯಲ್ಲಿ ಗಾಳಿಯಾಡುತ್ತದೆ. ಬಲಿತ ಬಳ್ಳಿ ಮಳೆಯಲ್ಲಿ ನೆನೆದು ಗಾಳಿಗೆ ಸಿಕ್ಕಾಗ ಬಹಳ ತೂಕವಾಗುತ್ತದೆ. ತೆಳುವಾದ ಅಲಂಕಾರದ ಕಮಾನುಗಳು ಆ ತೂಕವನ್ನು ತಾಳುವುದಿಲ್ಲ, ಕಲ್ಲುಕಂಬ ಇಲ್ಲವೇ ಜಿಐ ಪೈಪಿನ ಹಂದರವೇ ಸರಿ. ಅಮೆರಿಕದ ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1885ರಲ್ಲಿ ನೆಟ್ಟ ರೋಸಾ ಬ್ಯಾಂಕ್ಸಿಯೇ ಬಳ್ಳಿ ಒಂದೇ ಬುಡದಿಂದ ಇಡೀ ಅಂಗಳದ ಚಪ್ಪರವನ್ನು ಮುಚ್ಚಿದೆ. ಎಲ್ಲ ಬಳ್ಳಿಗಳೂ ಅಷ್ಟು ಬೆಳೆಯುವುದಿಲ್ಲ, ಆದರೂ ಎರಡು ಗಿಡಗಳ ನಡುವೆ ಎಂಟು ಅಡಿಗೆ ಕಡಿಮೆ ಬೇಡ.

ಬಾಗಿಸಿ ಕಟ್ಟುವುದು

ಇಡೀ ಆರೈಕೆಯಲ್ಲಿ ಮುಖ್ಯವಾದದ್ದು ಇದೇ. ನೆಟ್ಟಗೆ ಮೇಲಕ್ಕೆ ಬಿಟ್ಟ ಕೊಂಬೆ ತುದಿಯಲ್ಲಿ ನಾಲ್ಕು ಹೂ ಬಿಡುತ್ತದೆ, ಕೆಳಗೆ ಬೋಳು ಕಾಂಡ ಉಳಿಯುತ್ತದೆ. ತುದಿಮೊಗ್ಗಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಕ್ಕೆ ಹರಿಯುತ್ತ ಪಕ್ಕದ ಕಣ್ಣುಗಳನ್ನು ಅದುಮಿಡುವುದು ಇದಕ್ಕೆ ಕಾರಣ. ಅದೇ ಕೊಂಬೆಯನ್ನು ಅಡ್ಡಡ್ಡಲಾಗಿ ಮಲಗಿಸಿ ಕಟ್ಟಿದರೆ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಇರುವ ಕಣ್ಣುಗಳು ಒಡೆಯುತ್ತವೆ, ಪ್ರತಿಯೊಂದರಿಂದ ಗೇಣುದ್ದದ ರೆಂಬೆ ಎದ್ದು ಹೂ ಬಿಡುತ್ತದೆ. ಹೂ ಬಿಡುತ್ತಿಲ್ಲ ಎಂದು ಗೊಬ್ಬರ ಸುರಿಯುವ ಮುನ್ನ ಕೊಂಬೆಗಳು ಯಾವ ದಿಕ್ಕಿಗಿವೆ ಎಂದು ನೋಡಬೇಕು. ಸಾರಜನಕ ಹೆಚ್ಚಾದರೆ ಎಲೆಯಷ್ಟೇ ಹೆಚ್ಚುತ್ತದೆ.

ಮೊದಲ ವರ್ಷ ಬುಡದಿಂದ ಎದ್ದ ಕೊಂಬೆಗಳಲ್ಲಿ ಐದಾರನ್ನು ಆರಿಸಿಕೊಂಡು ಬೀಸಣಿಗೆಯಾಕಾರದಲ್ಲಿ ಎರಡೂ ಕಡೆಗೆ ಹರಡಬೇಕು. ಹಸಿರು ಕೊಂಬೆ ಬಾಗುತ್ತದೆ, ಬಲಿತದ್ದು ಸೀಳುತ್ತದೆ. ಮುಂಜಾನೆ ಕೊಂಬೆಯಲ್ಲಿ ನೀರು ತುಂಬಿ ಸೆಟೆದಿರುತ್ತದೆ. ನೀರು ಕೊಡುವ ಮುನ್ನ, ಮಧ್ಯಾಹ್ನ ಕಳೆದ ಮೇಲೆ ಬಾಗಿಸಿದರೆ ಮುರಿಯುವುದು ಕಡಿಮೆ. ಒಂದೇ ದಿನ ಪೂರ್ತಿ ಮಲಗಿಸುವ ಆತುರ ಬೇಡ, ಎರಡು ಮೂರು ವಾರಗಳಲ್ಲಿ ಇಷ್ಟಿಷ್ಟೇ ಇಳಿಸಬೇಕು. ಕಟ್ಟಲು ಬಾಳೆನಾರು ಅಥವಾ ಸೆಣಬಿನ ಹುರಿ ಉತ್ತಮ. ಕೊಂಬೆ ದಪ್ಪವಾಗುವ ಹೊತ್ತಿಗೆ ಅವು ತಾವೇ ಲಡ್ಡಾಗಿ ಹರಿಯುತ್ತವೆ, ತಂತಿಯಾದರೆ ತೊಗಟೆಯೊಳಗೆ ಹೂತುಹೋಗುತ್ತದೆ. ಹುರಿಯನ್ನು ಕೊಂಬೆಗೂ ಆಸರೆಗೂ ನಡುವೆ ಒಮ್ಮೆ ತಿರುಚಿ, ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಬೇಕು. ಕೊಂಬೆಯನ್ನು ಆಸರೆಯ ಹಿಂದಿನಿಂದ ನುಸುಳಿಸಬಾರದು. ನಾಳೆ ಒಣಗಿದಾಗ ಹೊರತೆಗೆಯಲು ಬರುವುದಿಲ್ಲ. ಕಂಬಕ್ಕೆ ಏರಿಸುವುದಾದರೆ ನೇರವಾಗಿ ಬಿಡದೆ ಸುತ್ತಲೂ ಸುರುಳಿಯಾಗಿ ಸುತ್ತಿಸಿದರೆ ಬುಡದಿಂದಲೇ ಹೂ ಕಾಣುತ್ತದೆ.

ಸವರುವುದು

ನೆಟ್ಟ ಮೊದಲ ಎರಡು ಮೂರು ವರ್ಷ ಕತ್ತರಿಯನ್ನು ದೂರವಿಡಬೇಕು. ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುವುದು ಇವಿಷ್ಟನ್ನೇ ತೆಗೆಯುವುದು. ಪೊದೆ ಗುಲಾಬಿಯನ್ನು ಒಂದೂವರೆ ಅಡಿಗೆ ಕತ್ತರಿಸಿ ಅಭ್ಯಾಸವಾದ ಮಾಲಿಗಳು ಬಳ್ಳಿಯನ್ನೂ ಹಾಗೆಯೇ ಕತ್ತರಿಸಿಬಿಡುತ್ತಾರೆ, ಮೊದಲೇ ಹೇಳಿಡುವುದು ಒಳ್ಳೆಯದು. ಟೀ ಮತ್ತು ನುವಾಜೆಟ್ ಗುಲಾಬಿಗಳು ಹಳೆಯ ಕೊಂಬೆಗಳಲ್ಲಿ ಶಕ್ತಿ ಕೂಡಿಟ್ಟುಕೊಳ್ಳುವ ಜಾತಿ, ಬಲವಾದ ಸವರಿಕೆಯನ್ನು ಅವು ಸಹಿಸುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಒಳನಾಡಿನಲ್ಲಿ ಮಳೆ ಹಿಂದಾದ ಅಕ್ಟೋಬರ್ ಕೊನೆಯ ವೇಳೆ ಮುಖ್ಯ ಸವರಿಕೆ. ಮುಖ್ಯ ಕೊಂಬೆಗಳನ್ನು ಹಾಗೆಯೇ ಉಳಿಸಿ, ಅವುಗಳಿಂದ ಎದ್ದು ಹೂ ಬಿಟ್ಟು ಮುಗಿದ ರೆಂಬೆಗಳನ್ನು ಎರಡು ಮೂರು ಕಣ್ಣಿಗೆ ಕುಗ್ಗಿಸಬೇಕು. ಬುಡದಿಂದ ಹೊಸ ಕೊಂಬೆ ಬಂದಿದ್ದರೆ ಅತಿ ಹಳೆಯದೊಂದನ್ನು ಪೂರ್ತಿ ತೆಗೆದು ಆ ಜಾಗಕ್ಕೆ ಹೊಸದನ್ನು ಮಲಗಿಸಬೇಕು. ಆರೇಳು ವಾರಗಳಲ್ಲಿ ಹೂ ಬರುತ್ತದೆ. ಬೇಸಿಗೆಯ ಹೂ ಮುಗಿದ ಜೂನ್‌ನಲ್ಲಿ ಲಘುವಾಗಿ ಇನ್ನೊಮ್ಮೆ ಸವರಬಹುದು. ವರ್ಷಕ್ಕೊಮ್ಮೆ ಬಿಡುವ ರ‍್ಯಾಂಬ್ಲರ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಹೂ ಮುಗಿದ ಕೂಡಲೇ ಸವರದೆ ಅಕ್ಟೋಬರಿನವರೆಗೆ ಬಿಟ್ಟು ಕತ್ತರಿಸಿದರೆ ಮುಂದಿನ ಹೂಗಳನ್ನೇ ಕತ್ತರಿಸಿದಂತಾಗುತ್ತದೆ. ದಪ್ಪ ಕೊಂಬೆ ಕತ್ತರಿಸಿದ ಗಾಯಕ್ಕೆ ಬೋರ್ಡ್ಯೊ ಮುಲಾಮು ಹಚ್ಚಬೇಕು, ಏಕೆಂದರೆ ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತ ಬರುವ ರೋಗ ಒಳಹೊಗುವುದು ಇಂಥ ಗಾಯಗಳಿಂದಲೇ. ಆ ರೋಗ ಕಂಡರೆ ಕಪ್ಪಾದ ಭಾಗಕ್ಕಿಂತ ಎರಡು ಇಂಚು ಕೆಳಗೆ, ಒಳಗಿನ ತಿರುಳು ಬಿಳಿಯಾಗಿ ಕಾಣುವವರೆಗೂ ಕತ್ತರಿಸಿ ಸುಡಬೇಕು.

ನೀರು, ಗೊಬ್ಬರ, ರೋಗ

ಆಳವಾಗಿ, ಅಪರೂಪಕ್ಕೆ ಎಂಬುದೇ ನೀರಿನ ಸೂತ್ರ. ದಿನವೂ ಚಿಮುಕಿಸಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಪಾತಿ ತುಂಬ ಕೊಟ್ಟು, ಒಣ ಎಲೆಯ ಹೊದಿಕೆ ಹಾಕಿದರೆ ಸಾಕು. ಎರಡೂ ಸವರಿಕೆಗಳ ನಂತರ ಕುರಿ ಗೊಬ್ಬರ ಅಥವಾ ಕೊಟ್ಟಿಗೆ ಗೊಬ್ಬರದ ಜೊತೆ ಹೊಂಗೆ ಹಿಂಡಿ ಕೊಡುವುದು ಇಲ್ಲಿನ ರೂಢಿ, ಅದು ಒಳ್ಳೆಯ ರೂಢಿ. ನೆನೆಸಿದ ಹಿಂಡಿಯ ತಿಳಿನೀರನ್ನು ಮೊಗ್ಗು ಕಟ್ಟುವಾಗ ಹದಿನೈದು ದಿನಕ್ಕೊಮ್ಮೆ ಕೊಡಬಹುದು.

ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆ ಸತತವಾಗಿ ಏಳು ಗಂಟೆಯಷ್ಟಾದರೂ ಒದ್ದೆಯಾಗಿರಬೇಕು. ಸಂಜೆ ಗಿಡದ ಮೇಲೆ ನೀರು ಹೊಯ್ಯುವುದು ಆದ್ದರಿಂದಲೇ ತಪ್ಪು. ಬಿದ್ದ ಎಲೆಗಳನ್ನು ಗುಡಿಸಿ ತೆಗೆದರೆ ಅರ್ಧ ರೋಗ ಹೋದಂತೆ. ಮಳೆಗಾಲದಲ್ಲಿ ಅಗತ್ಯವಾದರೆ ಲೀಟರಿಗೆ ಎರಡು ಗ್ರಾಂ ಮ್ಯಾಂಕೋಜೆಬ್. ಬೂದಿ ರೋಗದ ಸ್ವಭಾವ ಇದಕ್ಕೆ ವಿರುದ್ಧ. ಎಲೆಯ ಮೇಲೆ ನೀರಿಲ್ಲದೆಯೂ, ತಂಪು ರಾತ್ರಿ–ಬೆಚ್ಚನೆಯ ಹಗಲಿನ ನವೆಂಬರ್–ಜನವರಿಯಲ್ಲಿ ಎಳೆ ಚಿಗುರನ್ನು ಬಿಳಿ ಹಿಟ್ಟು ಚೆಲ್ಲಿದಂತೆ ಮುಚ್ಚುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂನಂತೆ ಸಿಂಪಡಿಸಬಹುದು, ಬಿಸಿಲು ಹೆಚ್ಚಿರುವ ದಿನ ಕೂಡದು, ಎಲೆ ಸುಡುತ್ತದೆ. ಗೋಡೆಗೆ ಒತ್ತಾಗಿ ಕಟ್ಟಿದ ಬಳ್ಳಿಗೆ ಈ ರೋಗ ಬೇಗ ಬರುತ್ತದೆ. ತಂತಿಯನ್ನು ಮುಂದಕ್ಕೆ ಬಿಗಿಯಬೇಕೆಂದದ್ದು ಇದಕ್ಕೂ ಹೌದು.

ಮಾರ್ಚ್–ಮೇ ತಿಂಗಳಲ್ಲಿ ದಳಗಳ ಅಂಚು ಕಂದಿ ಮೊಗ್ಗು ಅರಳದೆ ನಿಂತರೆ ಥ್ರಿಪ್ಸ್ ಎಂದು ತಿಳಿಯಬೇಕು. ಅಂಥ ಮೊಗ್ಗುಗಳನ್ನು ಕಿತ್ತು ನಾಶಮಾಡಿ, ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಎಲೆಯಡಿಯ ಕೆಂಪು ನುಸಿಗೆ ಎಲೆಯ ಹಿಂಬದಿಗೆ ಬೆಳಗಿನ ಹೊತ್ತು ರಭಸದ ನೀರು ಸಾಕು. ಹಳೆಯ ಕೊಂಬೆಗಳಿಗೆ ಸುಣ್ಣ ಬಳಿದಂತೆ ಅಂಟುವ ಶಲ್ಕ ಕೀಟವನ್ನು ಸವರುವ ಕಾಲದಲ್ಲಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು, ಬಳ್ಳಿ ಗುಲಾಬಿ ಮೆಲ್ಲಗೆ ಸೊರಗಿ ಸಾಯಲು ಇದೊಂದು ದೊಡ್ಡ ಕಾರಣ.

ಗಿಡ ಮಾಡಿಕೊಳ್ಳುವುದು

ನರ್ಸರಿಗಳು ಬೇರುಗಿಡಕ್ಕೆ ಕಣ್ಣು ಕಸಿ ಮಾಡುತ್ತವೆ. ಮನೆಯಲ್ಲಿ ಅದರ ಅಗತ್ಯವಿಲ್ಲ, ನುವಾಜೆಟ್ ಬಳ್ಳಿಗಳು ಸ್ವಂತ ಬೇರಿನಲ್ಲಿ ಸೊಗಸಾಗಿ ಬಾಳುತ್ತವೆ, ಬೇರುಗಿಡದ ಚಿಗುರಿನ ಕಾಟವೂ ಇರುವುದಿಲ್ಲ. ಜುಲೈ–ಆಗಸ್ಟ್‌ನಲ್ಲಿ ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ರೆಂಬೆಯಿಂದ ಆರೇಳು ಇಂಚಿನ ತುಂಡುಗಳನ್ನು ಕೆಳಗಿನ ಕಣ್ಣಿನ ಒತ್ತಿಗೆ ಕತ್ತರಿಸಿ, ಮೇಲಿನ ಎರಡು ಎಲೆ ಉಳಿಸಿ, ಮರಳು ಮತ್ತು ಕೋಕೋಪೀಟ್ ಮಿಶ್ರಣದಲ್ಲಿ ಎರಡು ಕಣ್ಣು ಮುಚ್ಚುವಷ್ಟು ಊರಿ ನೆರಳಿನಲ್ಲಿಡಬೇಕು. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಬೇರು ಹಿಡಿಯದ ಗಡುಸು ತಳಿಗಳಿಗೆ ಗೂಟಿ ಕಟ್ಟಬಹುದು, ಇಲ್ಲವೇ ಬಾಗಿದ ಕೊಂಬೆಯೊಂದರ ತೊಗಟೆಯನ್ನು ಸ್ವಲ್ಪ ಕೆತ್ತಿ ಮಣ್ಣಿನಲ್ಲಿ ಹೂಳಿ ಕಲ್ಲು ಹೇರಬಹುದು. ಬಳ್ಳಿ ಗುಲಾಬಿಗೆ ಉದ್ದನೆಯ ಕೊಂಬೆಗಳಿರುವುದರಿಂದ ಈ ಕೊನೆಯ ದಾರಿಯೇ ಎಲ್ಲಕ್ಕಿಂತ ಸುಲಭ.

ಹಳೆಯ ಬಂಗಲೆಗಳ ಕಾಂಪೌಂಡುಗಳಲ್ಲಿ, ಎಸ್ಟೇಟ್ ಮನೆಗಳ ಮುಂದೆ ಹೆಸರು ಮರೆತುಹೋದ ಕಂಪಿನ ಬಳ್ಳಿಗಳು ಇನ್ನೂ ಸಿಗುತ್ತವೆ. ಮನೆ ಕೆಡವಿ ಕಟ್ಟಡ ಏಳುವಾಗ ಅವು ಮೊದಲು ಹೋಗುತ್ತವೆ. ಮನೆಯವರ ಒಪ್ಪಿಗೆ ಪಡೆದು ಹತ್ತು ತುಂಡುಗಳನ್ನು ತಂದು ಊರಿದರೆ ಮೂರು ನಾಲ್ಕಾದರೂ ಬದುಕುತ್ತವೆ. ಬೇರು ಬಂದ ಸಸಿಯನ್ನು ಮೊದಲ ವರ್ಷ ಕುಂಡದಲ್ಲೇ ಬೆಳೆಸಬೇಕು, ಬರುವ ಮೊಗ್ಗುಗಳನ್ನು ಚಿವುಟಿ ಹಾಕಬೇಕು. ಬುಡದಿಂದ ಮೊದಲ ಉದ್ದನೆಯ ಕೊಂಬೆ ಎದ್ದ ಮೇಲೆ ನೆಲಕ್ಕೆ ಇಳಿಸಬಹುದು.